ಮೂರೂವರೆಯಿಂದ ಏಳೂಮುಕ್ಕಾಲು

ಸ್ಕೂಲು ಬಿಡುವುದು ಮೂರೂವರೆಗೆ.
ನನ್ನ ಬಸ್ಸು ಆಗ ಅರಕಲಗೂಡು ಸ್ಟ್ಯಾಂಡಿನಲ್ಲಿ
ಮೂಗು ಆಚೆ ತಿರುಗಿಸಿಕೊಂಡು ನಿಂತಿರುತ್ತದೆ.
ಕೊನೇ ಟ್ರಿಪ್ಪು ಮುಗಿದು, ಡಿಪೋದಲ್ಲಿ ಕಲೆಕ್ಷನ್ ಕಟ್ಟಿ,
ಪೆನ್ಷನ್ ಮೊಹಲ್ಲಾದ ತಿರುವಿಗೆ ಬರುವಾಗ ಏಳೂಮುಕ್ಕಾಲು.
ನಡುವಿನ ನಾಲ್ಕೂಕಾಲು ಗಂಟೆಗೆ
ನನ್ನ ಮಿಷನ್ನಿನಲ್ಲಿ ಯಾವ ಸ್ಟೇಜೂ ಇಲ್ಲ.

ಮೊದಲು ಎದುರುಮನೆಯವಳು:
‘ಅಯ್ಯೋ, ನಿನ್ನ ಮಗು ಬೇರೆ ನನ್ನ ಮಗು ಬೇರೆಯಾ?’
ಬೇರೆಯೇ ಇತ್ತು. ನಾಲ್ಕನೇ ದಿನ ಅವಳ ಬಾಗಿಲಿಗೆ ಬೀಗ,
ಮೆಟ್ಟಿಲ ಮೇಲೆ ಮೋಕ್ಷಿತ, ತೊಡೆಯ ಮೇಲೆ ಬ್ಯಾಗು,
ಬೀದಿದೀಪಕ್ಕೆ ಪುಸ್ತಕ ಓರೆ ಹಿಡಿದು ಮೂರರ ಮಗ್ಗಿ.
ಆಮೇಲೆ ಕಾಲೇಜಿನ ಹುಡುಗಿ. ಒಳ್ಳೆಯವಳೇ,
ಕಿವಿಯೊಳಗಿನ ಆ ಬಿಳೀ ಬೀಜ ಮಾತ್ರ ತೆಗೆಯಳು;
ಮಗು ಮೂರು ಸಲ ‘ಅಕ್ಕಾ’ ಅಂದರೆ ಒಂದು ‘ಹ್ಞೂಂ’.
ಆಮೇಲೆ ಟ್ಯೂಷನ್ನು: ಹದಿನೆಂಟು ಮಕ್ಕಳು, ಒಂದು ಫ್ಯಾನು,
ಆರಕ್ಕೆ ಸರಿಯಾಗಿ ಶಟರು.

ನಾದಿನಿ ಅಂದಳು, ಕೆಲಸ ಬಿಡು.
ಡ್ರೈವರ್ ಅಂದ, ಬಸ್ಸಿಗೇ ಕರ್ಕೊಂಡ್ ಬನ್ನಿ, ಹೆಣ್ಣುಮಗು, ಹೇಗೂ ಫ್ರೀ.
ನಗಬೇಕೋ ಬೇಡವೋ ತಿಳಿಯದೆ
ಗೊರೂರಿನವರೆಗೂ ಸೊನ್ನೆ ಟಿಕೆಟ್ಟು ಹರಿಯುತ್ತ ಹೋದೆ.

ತಿಮ್ಮಾಜಮ್ಮನ ಮನೆ ತೋರಿಸಿದ್ದು ಹಾಲಿನ ಬೂತಿನವನು.
ಗಂಡನ ನಂತರ ಸಿಕ್ಕ ಕೆಲಸ, ಹತ್ತೊಂಬತ್ತು ವರ್ಷ
ರೈಲ್ವೆ ಗೇಟು ಕಾದವಳು. ಈಗ ಒಂದು ಕಣ್ಣಿಗೆ ಆಪರೇಷನ್ನಾಗಿದೆ.
ಕೂರು ಅನ್ನಲಿಲ್ಲ. ಕಾಫಿ ಕೊಡಲಿಲ್ಲ.
‘ಏನು ತಿಂದ್ರೆ ಆಗಲ್ಲ?’
‘ಕತ್ಲೆಗೆ ಹೆದರ್ತಾಳಾ, ನಾಯಿಗಾ?’
‘ನೀನು ಬರದೇ ಹೋದ್ರೆ ಯಾರಿಗೆ ಫೋನು?’
‘ಯಾರ್‍ಯಾರು ಕರ್ಕೊಂಡ್ ಹೋಗಬೋದು? ಹೆಸರು ಬರೆಸು.’
ಹಳೇ ರಿಜಿಸ್ಟರು. ಮುಂದಿನ ಹಾಳೆಗಳ ತುಂಬ
ಗೂಡ್ಸು ಬಂದ ಹೊತ್ತು, ಗೇಟು ತೆಗೆದ ಹೊತ್ತು.
ಖಾಲಿ ಉಳಿದಲ್ಲಿ ನನ್ನ ಹೆಸರು, ಇವರ ಹೆಸರು.
(ಇವರು ಲಾರಿಯ ಮೇಲೆ, ಯಾವತ್ತು ಎಲ್ಲಿ ಇವರಿಗೇ ತಿಳಿಯದು.)
‘ತಿಂಗಳಿಗೆ ಎರಡು ಸಾವಿರ. ಲೇಟಾದ್ರೆ ಮೇಲೆ.
ನನ್ನ ಮಗಳ ಥರ ನೋಡ್ಕೋತೀನಿ ಅಂತೆಲ್ಲ ಹೇಳಲ್ಲ.
ನಿನ್ನ ಮಗಳು. ನಿನ್ನ ಮಗಳ ಥರಾನೇ ನೋಡ್ಕೋತೀನಿ.’

ಸೆಪ್ಟೆಂಬರಿನಲ್ಲೊಂದು ಸಂಜೆ ಮೈದುನ ಬುಲೆಟ್ಟಿನಲ್ಲಿ ಹೋದ.
ಅತ್ತೆ ಬಂದಿದ್ದರು, ಮೊಮ್ಮಗಳನ್ನು ಆಗಲೇ ನೋಡಬೇಕಂತೆ.
‘ಚಿಕ್ಕಪ್ಪಾ!’ ಅಂತ ಇವಳು ಜಿಗಿದಳಂತೆ.
ತಿಮ್ಮಾಜಮ್ಮ ಕನ್ನಡಕ ಹುಡುಕಿ, ಹಾಳೆ ತಿರುವಿ,
‘ಹೆಸರಿಲ್ಲ.’
ಫೋಟೋ ತೋರಿಸಿದ, ಆಧಾರ್ ತೋರಿಸಿದ, ದನಿ ಏರಿಸಿದ.
‘ರೈಲು ದಾಟೋ ತನಕ ಸಾಹೇಬ್ರ ಜೀಪಿಗೂ ಗೇಟು ತೆಗೆದವಳಲ್ಲ ನಾನು.
ಅಲ್ಲಿ ಕೂತ್ಕೋ. ಕಡ್ಲೆಪುರಿ ಇದೆ, ತಿನ್ನು.’

ಅವನಿಗೆ ಅವಮಾನ, ಅತ್ತೆಗೆ ಅವನಿಗಿಂತ.
ನನ್ನ ಫೋನು ಅಷ್ಟು ಹೊತ್ತೂ ಚಿಲ್ಲರೆಯ ಕೆಳಗೆ
ಸದ್ದಡಗಿ, ಹನ್ನೊಂದು ಮಿಸ್ಡ್ ಕಾಲ್ ನುಂಗಿಕೊಂಡು.
ಬಂದವಳೇ ಕೈಮುಗಿದೆ. ‘ತಪ್ಪಾಯ್ತು, ಅವಳಿಗೆ ಹೇಳ್ತೀನಿ’ ಅಂದೆ.
ಅಡುಗೆಮನೆಗೆ ಹೋಗಿ ಸಾರಿನ ಪಾತ್ರೆಯೊಳಕ್ಕೆ ಬಗ್ಗಿ
ಸದ್ದಿಲ್ಲದೆ ನಕ್ಕೆ, ಹೊಟ್ಟೆ ಹಿಡಿದುಕೊಂಡು,
ಎದ್ದಾಗ ಬೆನ್ನು ಎಷ್ಟು ನೆಟ್ಟಗಿತ್ತೆಂದರೆ
ನನಗೇ ಗುರುತು ಹತ್ತಲಿಲ್ಲ.

ಹೇಳಲಿಲ್ಲ ಅವಳಿಗೆ. ಇವತ್ತಿಗೂ ಹೇಳಿಲ್ಲ.
ಮರುದಿನ ಮೈದುನನ ಹೆಸರು ಬರೆಸಿದೆ;
‘ಇನಿಷಿಯಲ್ಲು?’ ಅಂದಳು.

ಈಗೀಗ ಅರಕಲಗೂಡಿನಲ್ಲಿ ಮೂರೂವರೆ ಯಾವಾಗಾಯಿತೋ
ಗೊತ್ತೇ ಆಗದ ದಿನಗಳಿವೆ.
ಗೊತ್ತಾಗಲಿಲ್ಲವಲ್ಲ ಎಂದು ಎದೆ ಒಮ್ಮೆ ಧಸಕ್ಕೆನ್ನುತ್ತದೆ, ಅಷ್ಟೇ.

ಮೊನ್ನೆ ಟಯರು ಪಂಕ್ಚರಾಗಿ ಒಂಬತ್ತಾಯಿತು.
ರಿಜಿಸ್ಟರಿನಲ್ಲಿ ಆಗಲೇ ಬರೆದಿತ್ತು:
‘ಮಗು ಉಂಡಿದೆ, ಅನ್ನ ಹುಳಿ. ತಾಯಿ ಒಂದೂಕಾಲು ಗಂಟೆ ಲೇಟು.’
ಗೂಡ್ಸು ಗಾಡಿಗಳದ್ದೇ ಕಲಮು. ಸಹಿ ಹಾಕಿದೆ,
ನೂರರ ನೋಟು ಕೊಟ್ಟೆ.
ಚಿಲ್ಲರೆಯಿಲ್ಲವೆಂದಳು, ಕಂಡಕ್ಟರಿಗೆ!
ಚೀಟಿ ಹರಿದು, ಅದರ ಬೆನ್ನಿಗೆ ‘ಬಾಕಿ ಇಪ್ಪತ್ತೈದು’ ಬರೆದುಕೊಟ್ಟಳು.
ನಿದ್ದೆಗಣ್ಣಿನ ಮಗಳನ್ನು ಹೆಗಲಿಗೆ ಹಾಕಿಕೊಂಡು,
ಚೀಟಿ ಬಿಗಿಯಾಗಿ ಹಿಡಿದುಕೊಂಡು
ಮೆಟ್ಟಿಲಿಳಿದೆ.